ಒಂದೇ ಸರದಿಯಲ್ಲಿ ಎಲ್ಲವೂ ಬೇಕಾ?



ಕಳೆದ ಮಳೆಗಾಲದಲ್ಲಿ ವಾಲಿಬಾಲ್ ಅಂಗಳ ಕೆಸರಾಗಿ ಹೋದ ಮೇಲೆ ನಾವು ಐದು ಜನ ಚರ್ಚ್ ಹಾಲಿನ ಹಿಂದಿನ ಕೋಣೆಯಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡಲು ಶುರು ಮಾಡಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತುಂಟು. ಗೊತ್ತಿಲ್ಲದವರಿಗೆ ಒಂದು ಮಾತು: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ, ಏಟು ಬಿತ್ತಾ ತಪ್ಪಿತಾ ಎಂದು ದಾಳ ಹೇಳುತ್ತದೆ. ಆಟದಲ್ಲಿ ಮಂತ್ರ ಇದೆ ಎಂದು ಕೇಳಿ ಇಬ್ಬರು ಅಮ್ಮಂದಿರು ಬಾಗಿಲಲ್ಲಿ ನಿಂತು ನೋಡಿದರು. 1980ರ ದಶಕದ ಅಮೆರಿಕದಲ್ಲೂ ಈ ಆಟದ ಬಗ್ಗೆ ಇದೇ ಹೆದರಿಕೆ ಇತ್ತು. ನಮ್ಮ ಅಮ್ಮಂದಿರು ಹತ್ತು ನಿಮಿಷ ನಿಂತು, ಇದು ಬರೀ ಕೂಡಿಸಿ ಕಳೆಯುವ ಲೆಕ್ಕ ಎಂದು ಬೇಸರ ಬಂದು ಹೋದರು. ಅವರು ಹೇಳಿದ್ದು ಸರಿ. ಇವತ್ತು ನಾವು ಬರೆಯುವುದೂ ಆ ಲೆಕ್ಕದ ಬಗ್ಗೆಯೇ.

ನಮ್ಮ ಆಟದಲ್ಲಿ ಒಂದು ಜಗಳ ಆಯಿತು. ಕಥೆ ನಡೆಸುವವಳು ಮೂರು ವಾರ ಕೂತು ಒಬ್ಬ ಖಳನಾಯಕನನ್ನು ಕಟ್ಟಿದ್ದಳು, ಸತ್ತು ಎದ್ದು ಬಂದ ಒಬ್ಬ ದಳಪತಿ. ಆಟದ ಪುಸ್ತಕದಲ್ಲಿ ಅಂಥವನಿಗೆ ‘ವೈಟ್’ ಎಂದು ಹೆಸರು, 45 ಹಿಟ್ ಪಾಯಿಂಟ್. ನಾವೆಲ್ಲ ಐದನೇ ಲೆವೆಲ್. ಮೊದಲ ಸರದಿ ಪ್ಯಾಲಡಿನ್ ಆಡುವವನದ್ದು. ಪ್ಯಾಲಡಿನ್ ಅಂದರೆ ಕತ್ತಿ ಹಿಡಿದ, ಮಂತ್ರವೂ ಬಲ್ಲ ಯೋಧ. ಬೆಳ್ಳಿ ಲೇಪದ ಕತ್ತಿಯಿಂದ ಎರಡು ಏಟು, ಎರಡಕ್ಕೂ ‘ಡಿವೈನ್ ಸ್ಮೈಟ್’. ವೈಟ್ ಸತ್ತ. ಉಳಿದ ಮೂವರು ದಾಳವನ್ನು ಮುಟ್ಟಲೂ ಇಲ್ಲ. ಅವನಿಗೆ ಭಾರೀ ಖುಷಿ. ಕಥೆ ನಡೆಸುವವಳು ಏನೂ ಹೇಳದೆ ತನ್ನ ಹಾಳೆಗಳನ್ನು ಮಡಚಿಟ್ಟಳು.

ಅವನು ಮೋಸ ಮಾಡಲಿಲ್ಲ. 2014ರ ಪುಸ್ತಕದ ಪ್ರಕಾರ ಕತ್ತಿಯ ಏಟು ಬಿದ್ದ ಮೇಲೆ ಪ್ಯಾಲಡಿನ್ ತನ್ನ ಒಂದು ಮಂತ್ರದ ಸ್ಲಾಟ್ ಖರ್ಚು ಮಾಡಿ ಹೆಚ್ಚುವರಿ ಪೆಟ್ಟು ಸೇರಿಸಬಹುದು. ಮೊದಲ ಹಂತದ ಸ್ಲಾಟಿಗೆ ಎಂಟು ಮುಖದ ಎರಡು ದಾಳ, ಎರಡನೇ ಹಂತಕ್ಕೆ ಮೂರು, ಸತ್ತು ಎದ್ದವರ ಮೇಲೆ ಇನ್ನೊಂದು. ಒಂದು ಸರದಿಯಲ್ಲಿ ಎಷ್ಟು ಸಲ ಎಂಬುದಕ್ಕೆ ಮಿತಿ ಇಲ್ಲ. ಅವನ ಒಂದು ಏಟಿಗೆ ಸರಾಸರಿ ಕತ್ತಿಯದ್ದು 8.5, ಸ್ಮೈಟ್‌ನದ್ದು 18. ಎರಡು ಏಟಿಗೆ 53. ವೈಟ್ ಬದುಕುವುದು ಹೇಗೆ?

ಕತ್ತಿ ಮತ್ತು ಮಂತ್ರವನ್ನು ಒಬ್ಬನೇ ಸೇರಿಸಿಕೊಂಡರೆ ಬೆಲೆ ಕೊಡಬೇಕು ಎಂಬುದು ಈ ಆಟದಲ್ಲಿ ಹುಟ್ಟಿನಿಂದಲೇ ಇತ್ತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಮೊದಲ ಆಟದಲ್ಲಿ ಮಾಂತ್ರಿಕನಿಗೆ ಕವಚ ಇಲ್ಲ, ಆಯುಧ ಅಂದರೆ ಚೂರಿ ಮಾತ್ರ. ಕ್ಲೆರಿಕ್‌ಗೆ ಕವಚ ಉಂಟು, ಆದರೆ ಅಲಗಿನ ಆಯುಧ ಹಿಡಿಯುವ ಹಾಗಿಲ್ಲ. ಈಗಿನ ಆಟದಲ್ಲಿ ಆ ಬೇಲಿಗಳು ಬಹುಪಾಲು ಹೋಗಿವೆ. ಬೆಲೆಯನ್ನು ಬೇರೆ ಕಡೆ ಇಟ್ಟಿದ್ದಾರೆ: ಸರದಿಗೆ ಒಂದೇ ಆ್ಯಕ್ಷನ್, ಒಂದೇ ಬೋನಸ್ ಆ್ಯಕ್ಷನ್, ಮತ್ತು ‘ಕಾನ್ಸನ್‌ಟ್ರೇಶನ್’ ಬೇಕಾದ ಮಂತ್ರ ಒಂದು ಹೊತ್ತಿಗೆ ಒಂದೇ. ಹಳೆಯ ಸ್ಮೈಟ್ ಈ ಯಾವ ಲೆಕ್ಕಕ್ಕೂ ಸಿಗದೆ ತಪ್ಪಿಸಿಕೊಂಡಿತ್ತು. 2024ರ ಹೊಸ ಪುಸ್ತಕ ಅದನ್ನೂ ಒಂದು ಮಂತ್ರವಾಗಿ ಮಾಡಿ ಬೋನಸ್ ಆ್ಯಕ್ಷನ್‌ಗೆ ಕಟ್ಟಿ ಹಾಕಿತು. ಹಾಗಾಗಿ ಸರದಿಗೆ ಒಂದೇ ಸಲ. ಇದು ಸರಿಯಾದ ನಿರ್ಧಾರ ಎನ್ನುವುದು ನಮ್ಮ ಅಭಿಪ್ರಾಯ. ನಮ್ಮ ಪ್ಯಾಲಡಿನ್‌ಗೆ ಮಾತ್ರ, “ಹಲ್ಲು ಕಿತ್ತಿದ್ದಾರೆ ಮಾರಾಯ್ರೆ!”

ಸರಿ, ಲೆಕ್ಕ ಹಾಕಿಯೇ ನೋಡೋಣ ಎಂದು ಕೂತೆವು. ಬಿಎಸ್ಸಿಯಲ್ಲಿ ಕಲಿತ ಸಂಭವನೀಯತೆ ಎಲ್ಲಿಯಾದರೂ ಉಪಯೋಗಕ್ಕೆ ಬರಬೇಕಲ್ಲ. ಅವನ ಮೊದಲ ಹಂತದ ಒಂದು ಸ್ಲಾಟ್ ಸ್ಮೈಟ್‌ಗೆ ಹೋದರೆ ಸರಾಸರಿ 9 ಪೆಟ್ಟು. ಅದೇ ಸ್ಲಾಟಿನಲ್ಲಿ ‘ಬ್ಲೆಸ್’ ಹಾಕಿದರೆ ಮೂವರಿಗೆ ಪ್ರತಿ ಏಟಿನ ದಾಳಕ್ಕೂ ನಾಲ್ಕು ಮುಖದ ಇನ್ನೊಂದು ದಾಳ ಸೇರುತ್ತದೆ, ಸರಾಸರಿ 2.5. ಇಪ್ಪತ್ತು ಮುಖದ ದಾಳದಲ್ಲಿ ಅದು ನೂರಕ್ಕೆ ಹನ್ನೆರಡೂವರೆ. ಅಂದರೆ ನೂರರಲ್ಲಿ 60 ಸಲ ತಾಗುತ್ತಿದ್ದ ಏಟು ಈಗ 72 ಸಲ. ನಮ್ಮ ಫೈಟರ್‌ನ ಎರಡು ಏಟು, ರೋಗ್ ಆಡುವವಳ ಒಂದು ಏಟು, ಪ್ಯಾಲಡಿನ್‌ನದ್ದೇ ಎರಡು ಸೇರಿಸಿದರೆ ಸುತ್ತಿಗೆ ಸುಮಾರು 7 ಪೆಟ್ಟು ಲಾಭ. ಆದರೆ ಬ್ಲೆಸ್ ಹಾಕುವ ಸರದಿಯಲ್ಲಿ ಪ್ಯಾಲಡಿನ್ ಕತ್ತಿ ಬೀಸುವ ಹಾಗಿಲ್ಲ. ಆ ನಷ್ಟ ಕಳೆದರೆ ಮೂರು ಸುತ್ತಿನ ಹೊಡೆದಾಟದಲ್ಲಿ ಉಳಿಯುವುದು ಒಂಬತ್ತು ಚಿಲ್ಲರೆ. ಕ್ರಿಟಿಕಲ್ ಏಟುಗಳನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ಬ್ಲೆಸ್ ಗೆಲ್ಲುತ್ತದೆ ಎಂದು ತೋರಿಸಲು ಹೊರಟವರು ನಾವು. ಬಂದದ್ದು ಹೆಚ್ಚುಕಡಿಮೆ ಸಮ. ಅವನು ನಕ್ಕ. ಸಮ ಎಂದಾದರೆ, ಸ್ಲಾಟನ್ನು ಎಲ್ಲಿ ಹಾಕಬೇಕು ಎಂದು ಸಂಖ್ಯೆ ಹೇಳುವುದಿಲ್ಲ. ಅದನ್ನು ಮೇಜಿನ ಸುತ್ತ ಕೂತ ಮುಖಗಳನ್ನು ನೋಡಿ ತೀರ್ಮಾನಿಸಬೇಕು.

ಇದನ್ನು ನಾವು ಸುಮ್ಮನೆ ಹೇಳುತ್ತಿಲ್ಲ. ನಮಗೆ ನೆನಪಿರುವ ಅತ್ಯುತ್ತಮ ಏಟು ಡಕಾಯಿತರ ನಾಯಕನಿಗೆ ಬಿದ್ದದ್ದು. ವಿಝಾರ್ಡ್ ಆಡುವವನು ‘ಹೋಲ್ಡ್ ಪರ್ಸನ್’ ಹಾಕಿದ. ನಾಯಕ ಕಲ್ಲಿನ ಹಾಗೆ ನಿಂತ. ಹಾಗೆ ನಿಂತವನಿಗೆ ಐದು ಅಡಿಯೊಳಗಿನಿಂದ ತಾಗಿದ ಏಟು ತಾನಾಗಿಯೇ ಕ್ರಿಟಿಕಲ್, ದಾಳಗಳೆಲ್ಲ ಎರಡರಷ್ಟು. ರೋಗ್‌ನ ‘ಸ್ನೀಕ್ ಅಟ್ಯಾಕ್’ ಮೂರು ದಾಳದಿಂದ ಆರಾಯಿತು. ಒಂದೇ ತಿವಿತಕ್ಕೆ ಸರಾಸರಿ 34. ವಿಝಾರ್ಡ್ ಮಾಡಿದ ಪೆಟ್ಟು ಸೊನ್ನೆ. ಆದರೆ ಕುರ್ಚಿಯಿಂದ ಹಾರಿ ಎದ್ದು ಕೂಗಿದವನು ಅವನೇ. ವಾಲಿಬಾಲ್‌ನಲ್ಲಿ ಚೆಂಡು ಎತ್ತಿ ಕೊಡುವವನು ಕೂಗುವ ಹಾಗೆ.

ಇಂಥ ಜೋಡಿಯಲ್ಲಿ ಅಪಾಯವೂ ಉಂಟು, ಅದೂ ನಮಗೆ ಇಷ್ಟ. ಅದೇ ವಿಝಾರ್ಡ್ ಇನ್ನೊಂದು ದಿನ ಫೈಟರ್ ಮೇಲೆ ‘ಹೇಸ್ಟ್’ ಹಾಕಿದ. ಓಟ ಇಮ್ಮಡಿ, ಒಂದು ಏಟು ಹೆಚ್ಚು. ಅಷ್ಟರಲ್ಲಿ ಒಬ್ಬ ಗಾಬ್ಲಿನ್ ಬಿಟ್ಟ ಬಾಣ ವಿಝಾರ್ಡ್‌ಗೆ ತಾಗಿತು, ಆರು ಪೆಟ್ಟು. ಕಾನ್ಸನ್‌ಟ್ರೇಶನ್ ಉಳಿಯಲು ಹತ್ತು ಬೇಕಿತ್ತು, ಬಿದ್ದದ್ದು ಏಳು. ಹೇಸ್ಟ್ ಮುರಿದರೆ ಅದನ್ನು ಪಡೆದವನು ಮುಂದಿನ ಸರದಿ ಮುಗಿಯುವವರೆಗೆ ಕದಲುವ ಹಾಗಿಲ್ಲ. ಶತ್ರುಗಳ ನಡುವೆ ಫೈಟರ್ ಗೊಂಬೆಯ ಹಾಗೆ ನಿಂತ. ಆ ಮೇಲೆ ನಾವೆಲ್ಲ ವಿಝಾರ್ಡ್‌ನ ಮುಂದೆ ಗೋಡೆಯಾಗಿ ನಿಲ್ಲಲು ಕಲಿತೆವು. ಒಬ್ಬನೇ ಎಲ್ಲ ಮುಗಿಸುವ ಆಟದಲ್ಲಿ ಇದನ್ನು ಕಲಿಯುವ ಅಗತ್ಯವೇ ಬರುತ್ತಿರಲಿಲ್ಲ.

ಪ್ಯಾಲಡಿನ್‌ನ ಒಂದು ದೂರು ಮಾತ್ರ ನ್ಯಾಯದ್ದು. ಸ್ಮೈಟ್ ಮಂತ್ರವಾದ ಮೇಲೆ, ‘ಸೈಲೆನ್ಸ್’ ಆವರಿಸಿದ ಕಡೆ ಅವನಿಗೆ ಅದು ಸಿಗುವುದೇ ಇಲ್ಲ, ಯಾಕೆಂದರೆ ಬಾಯಿಬಿಟ್ಟು ಹೇಳಬೇಕು. ಸರದಿಗೆ ಒಂದೇ ಸಲ ಎಂದಿದ್ದರೆ ಸಾಕಿತ್ತು, ಮಂತ್ರ ಮಾಡುವ ಅಗತ್ಯ ಇರಲಿಲ್ಲ ಎಂದು ನಮಗೂ ಅನಿಸುತ್ತದೆ.

ನಮ್ಮ ಬಳಿ ಇರುವುದು 2014ರ ಪುಸ್ತಕ, ಹೊಸದಕ್ಕೆ ಸದ್ಯ ದುಡ್ಡಿಲ್ಲ. ಹಾಗಾಗಿ ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಂಡೆವು: ಸ್ಮೈಟ್ ಸರದಿಗೆ ಒಂದು, ಸೈಲೆನ್ಸ್ ತಡೆಯುವುದಿಲ್ಲ. ಪ್ಯಾಲಡಿನ್ ಒಪ್ಪಿದ್ದಾನೆ, ಒಂದು ಶರತ್ತಿನ ಮೇಲೆ. ಆ ವೈಟ್‌ನ ಅಣ್ಣ ಒಬ್ಬ ಇರಬೇಕಂತೆ, 90 ಹಿಟ್ ಪಾಯಿಂಟಿನವ. ಕಥೆ ನಡೆಸುವವಳು ಮಡಚಿಟ್ಟ ಹಾಳೆಗಳನ್ನು ಮತ್ತೆ ತೆಗೆದಿದ್ದಾಳೆ. ಭಾನುವಾರ ಎರಡನೇ ಪೂಜೆಯ ನಂತರ, ಅದೇ ಕೋಣೆಯಲ್ಲಿ. ನೋಡಲು ಬರುವ ಅಮ್ಮಂದಿರಿಗೆ ಕುರ್ಚಿ ಇಟ್ಟಿರುತ್ತೇವೆ.