ಆ್ಯಪ್ ಬಂದ್ರೆ ಜಗಳ ಆಗ್ಲೇಬೇಕು

ಹೋದ ಸೆಮಿಸ್ಟರ್‌ನಲ್ಲಿ ನಾವೆಲ್ಲ ಟಕ್‌ಮನ್ ಮಾದರಿಯನ್ನು ಬಾಯಿಪಾಠ ಮಾಡಿ ಬರೆದು ಬಂದ್ವಿ. ತಂಡ ಅನ್ನೋದು ಮೊದಲು ಕೂಡುತ್ತೆ, ಆಮೇಲೆ ಜಗಳಾಡುತ್ತೆ, ನಂತರ ಒಂದು ಪದ್ಧತಿಗೆ ಬರುತ್ತೆ, ಕೊನೆಗೆ ಚೆನ್ನಾಗಿ ಕೆಲಸ ಮಾಡುತ್ತೆ. ಬ್ರೂಸ್ ಟಕ್‌ಮನ್ 1965ರಲ್ಲಿ ಬರೆದದ್ದು. 1977ರಲ್ಲಿ ಸೇರಿದ ಐದನೇ ಹಂತ ಮರೆತು ಮಾರ್ಕ್ಸ್ ಕಳ್ಕೊಂಡವರೂ ನಮ್ಮಲ್ಲಿದ್ದಾರೆ, ಇರಲಿ.

ಈ ಪಾಠಕ್ಕೆ ಸಾಫ್ಟ್‌ವೇರ್ ಕಂಪನಿಯ ಉದಾಹರಣೆ ಯಾಕೆ ಬೇಕು? ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಪ್ರಾಥಮಿಕ ಆರೋಗ್ಯ ಕೇಂದ್ರಗಳೇ ಇವೆಯಲ್ಲ. ಡಾಕ್ಟ್ರು, ಸಿಸ್ಟರು, ಲ್ಯಾಬ್‌ನವರು, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಮನೆಮನೆ ತಿರುಗೋ ಆಶಾ ಕಾರ್ಯಕರ್ತೆ: ವರ್ಷಗಟ್ಟಲೆ ಜೊತೆಗಿದ್ದು ಪಳಗಿದ ತಂಡ. ಯಾವ ಮನೆಯಲ್ಲಿ ಏಳು ತಿಂಗಳ ಬಸುರಿ ಇದ್ದಾಳೆ ಅನ್ನೋದು ಆಶಾ ಅಕ್ಕನ ರಿಜಿಸ್ಟರಿಗಿಂತ ಮೊದಲು ಅವರ ತಲೆಯಲ್ಲಿರುತ್ತೆ.

ಅಷ್ಟರಲ್ಲಿ ಹೊಸ ಆ್ಯಪ್ ಬರುತ್ತೆ. 14 ಅಂಕಿಯ ಆಭಾ ಸಂಖ್ಯೆ, 30 ದಾಟಿದವರ ಬಿಪಿ-ಶುಗರ್ ನಮೂದು, ಗರ್ಭಿಣಿಯರಿಗೆ ಆರ್‌ಸಿಎಚ್ ಪೋರ್ಟಲ್, ದೂರದ ಡಾಕ್ಟರಿಗೆ ತೋರಿಸೋಕೆ ಇ-ಸಂಜೀವಿನಿ. ಪ್ರತಿ ಸಲವೂ ಪಳಗಿದ ತಂಡ ಮತ್ತೆ ಒಂದನೇ ಹಂತಕ್ಕೆ ಬೀಳುತ್ತೆ. ಇಪ್ಪತ್ತು ವರ್ಷದ ಅನುಭವ ಇರೋ ಸಿಸ್ಟರು, ನಿನ್ನೆ ಕೆಲಸಕ್ಕೆ ಸೇರಿದ ಹುಡುಗನ ಹತ್ರ "ಓಟಿಪಿ ಎಲ್ಲಿ ಹಾಕೋದಪ್ಪಾ" ಅಂತ ಕೇಳಬೇಕು. ಇದು ಬರೀ ತರಬೇತಿಯ ಪ್ರಶ್ನೆ ಅಲ್ಲ, ಮರ್ಯಾದೆಯ ಪ್ರಶ್ನೆ.

ಆಗ ಗೊಣಗಾಟ ಶುರು. ಮೇಲಿನವರು ಅದಕ್ಕೆ "ಹೊಂದಿಕೊಳ್ಳಲ್ಲ" ಅಂತ ಹೆಸರಿಡ್ತಾರೆ. ನಮಗೆ ಅದು ತಪ್ಪು ಅನ್ಸುತ್ತೆ. ಎರಡನೇ ಹಂತದ ಜಗಳದಲ್ಲೇ ಆ್ಯಪಿನ ನಿಜವಾದ ದೋಷಪಟ್ಟಿ ಇರುತ್ತೆ. ಜೋಯಿಡಾದ ಕಾಡಿನ ಹಾಡಿಯಲ್ಲಿ ಸಿಗ್ನಲ್ ಸಿಗೋಕೆ ಗುಡ್ಡ ಹತ್ತಬೇಕು. ಮನೆಮಾತು ಕೊಂಕಣಿ, ಫೋನಿನ ಪರದೆ ಇಂಗ್ಲಿಷು. ಅದೇ ವಿವರ ಪುಸ್ತಕದಲ್ಲೂ ಬರೀಬೇಕು, ಫೋನಲ್ಲೂ ತುಂಬಬೇಕು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತಾಗ ಗೌರವಧನದ ಜೊತೆ ಪೋರ್ಟಲ್ ವಿಷಯವೂ ಇತ್ತು. ಮಾಡಿದ ಕೆಲಸ ಪೋರ್ಟಲ್ಲಿಗೆ ಏರದಿದ್ರೆ ಪ್ರೋತ್ಸಾಹಧನ ಬರಲ್ಲ ಅಂದ್ರೆ, ಅದನ್ನ ಮನೋಭಾವದ ಸಮಸ್ಯೆ ಅನ್ನೋಕಾಗುತ್ತಾ?

ಹಾಗಾದ್ರೆ ತಂಡ ನಡೆಸೋ ವೈದ್ಯಾಧಿಕಾರಿ ಏನು ಮಾಡಬಹುದು? ತಿಂಗಳ ಸಭೆಯಲ್ಲಿ ಟಾರ್ಗೆಟ್ ಓದೋ ಮೊದಲು ಅರ್ಧ ಗಂಟೆ ಬೈಗುಳಕ್ಕೆ ಬಿಡಲಿ, ಕೂತು ಬರ್ಕೊಳ್ಳಲಿ. ಯಾರು ಯಾವ ನಮೂದು ತುಂಬಬೇಕು ಅನ್ನೋದನ್ನ ತಂಡದವರೇ ಹಂಚಿಕೊಳ್ಳಲಿ. ಕಾಗದದ ರಿಜಿಸ್ಟರ್ ಯಾವ ದಿನ ನಿಲ್ಲುತ್ತೆ ಅಂತ ತಾರೀಖು ಹೇಳಲಿ. ಆ ತಾರೀಖು ನಾಲ್ಕೂ ತಾಲ್ಲೂಕಿಗೆ ಒಂದೇ ಆಗಬಾರದು. ದಾಂಡೇಲಿ ಪೇಟೆಯಲ್ಲಿ ಹದಿನೈದು ದಿನಕ್ಕೆ ಮುಗಿಯೋ ಜಗಳ ಜೋಯಿಡಾದಲ್ಲಿ ಆರು ತಿಂಗಳು ಹಿಡಿದ್ರೆ ಅದು ಜೋಯಿಡಾದವರ ಸೋಮಾರಿತನ ಅಲ್ಲ.

ಇಂಥ ಆ್ಯಪ್‌ಗಳನ್ನ ಕಟ್ಟೋರು ನಾಳೆ ನಾವೇ. ಈ ಸಲದ ಮಿನಿ ಪ್ರಾಜೆಕ್ಟ್‌ಗೆ ನಮ್ಮಲ್ಲೇ ಮೂರು ಗುಂಪು ಆರೋಗ್ಯದ ಆ್ಯಪ್ ತಗೊಂಡಿವೆ. ಡೆಮೊ ದಿನ ಲ್ಯಾಬಿನ ವೈಫೈ ಆಫ್ ಮಾಡಿ ತೋರಿಸೋಣ ಅಂದ್ವಿ. ಇನ್ನೂ ಯಾರೂ ಒಪ್ಪಿಲ್ಲ.