ಬೆಸುಗೆಗೆ ತಕ್ಕ ಕಡ್ಡಿ

ಈ ತಿಂಗಳು ಅಡಿಗೆಮನೆಯ ಮಾತನ್ನು ಬದಿಗಿಟ್ಟು ಒಂದು ಹಾಲಿನ ಕ್ಯಾನಿನ ಸಂಗತಿಯನ್ನು ವಾಚಕರ ಮುಂದೆ ಇಡುತ್ತೇನೆ. ಕ್ಯಾನು ದೇವಿಕೊಪ್ಪದ ಒಂದು ಮನೆಯದು. ಈ ಊರು ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿ, ಬಯಲುಸೀಮೆಯು ತೀರಿ ಅಡವಿಯು ಆರಂಭವಾಗತಕ್ಕ ಸೆರಗಿನಲ್ಲಿದೆ. ಗದ್ದೆ, ಗೋವಿನಜೋಳ, ಕಬ್ಬು ಇಲ್ಲಿಯ ಒಕ್ಕಲುತನ. ಕೊಟ್ಟಿಗೆಯಲ್ಲಿ ಒಂದೆರಡು ಎಮ್ಮೆಗಳಿದ್ದರೆ ವಾರದ ಸಂತೆಯ ಖರ್ಚು ಹಾಲಿನಿಂದಲೇ ಸಾಗುವದು. ಇಂಥ ಮನೆಯಲ್ಲಿ ಹಾಲಿನ ಕ್ಯಾನು ಸೋರಿತೆಂದರೆ ಅದು ಸಣ್ಣ ಮಾತಲ್ಲ.

ಆ ಮನೆಯ ಹಿರಿಯ ಮಗನು ಕಳೆದ ವರ್ಷ ಒಂದು ಸಣ್ಣ ಟಿಗ್ ಯಂತ್ರವನ್ನು ಕೊಂಡು ತಂದನು. ಯಾವ ಉಸ್ತಾದನ ಕೈಕೆಳಗೂ ಅವನು ದುಡಿದವನಲ್ಲ. ಫೋನಿನಲ್ಲಿ ಬರುವ ಚಿತ್ರಗಳನ್ನು ನೋಡಿ, ಗುಜರಿಯ ತುಂಡುಗಳ ಮೇಲೆ ಕೈ ಪಳಗಿಸಿಕೊಂಡು ತಾನೇ ಕಲಿತನು. ನಾನೂ ಹಾಗೆಯೇ ಕಲಿತವನಾದ್ದರಿಂದ ಅವನನ್ನು ನಗುವ ಅಧಿಕಾರ ನನಗಿಲ್ಲ. ಸ್ಟೇನ್‌ಲೆಸ್ ಕ್ಯಾನಿನ ತಳದ ಹೊಲಿಗೆಯು ಬಿಟ್ಟುಕೊಂಡಾಗ ಅವನೇ ಅದನ್ನು ಕೂಡಿಸಿದನು. ಬೆಸುಗೆಯು ಮೀನಿನ ಹುರುಪೆಯಂತೆ ಸಾಲಾಗಿ ಬಿದ್ದಿತ್ತೆಂದು ಓಣಿಯವರೆಲ್ಲ ಹೊಗಳಿದರು. ಆ ರಾತ್ರಿ ಮಾತ್ರ ಹುಡುಗನಿಗೆ ನಡುಕ ಬಂದು ಮೈ ಸುಟ್ಟಿತು. ಬಾಯಿಯಲ್ಲಿ ಲೋಹವನ್ನು ನೆಕ್ಕಿದಂಥ ರುಚಿ, ತೀರದ ನೀರಡಿಕೆ. ತಾಯಿಯು ದೃಷ್ಟಿಯಾಯಿತೆಂದು ಉಪ್ಪು-ಮೆಣಸಿನಕಾಯಿ ನಿವಾಳಿಸಿದಳು. ಮರುದಿನ ಸಂಜೆಗೆ ಜ್ವರ ಬಿಟ್ಟಿತು. ಆದರೆ ಎರಡು ತಿಂಗಳಲ್ಲಿ ಬೆಸುಗೆಯ ಗುಂಟ ಕೆಂಪು ಗೆರೆಯೊಂದು ಮೂಡಿತು. ಮೂರನೆಯ ತಿಂಗಳಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಬಿರುಕಿನಲ್ಲಿ ನಿಂತ ಹಾಲು ತೊಳೆದರೂ ಹೋಗದೆ, ಹೊಸ ಹಾಲನ್ನೂ ಕೆಡಿಸಿ, ಎರಡು ಬೆಳಗು ಹಾಲು ಸಂಘದಿಂದ ತಿರುಗಿ ಮನೆಗೆ ಬಂದಿತು.

“ಕಡ್ಡಿ ಯಾವದು ಹಾಕಿದಿ, ತಮ್ಮಾ?” ಎಂದು ಕೇಳಿದೆನು. ಅವನು ಹಿತ್ತಲಿಗೆ ಹೋಗಿ ಬೇಲಿಯ ತಂತಿಯ ಸುರುಳಿಯೊಂದನ್ನು ತಂದು ತೋರಿಸಿದನು. “ಕಬ್ಬಿಣಕ್ಕೆ ಕಬ್ಬಿಣವೇ ಅಲ್ಲವೇ?”

ನಡುಕಕ್ಕೂ ಬಿರುಕಿಗೂ ಕಾರಣ ಆ ಸುರುಳಿಯೇ. ಬೇಲಿಯ ತಂತಿಗೆ ತುಕ್ಕು ಹಿಡಿಯಬಾರದೆಂದು ಸತುವಿನ ಲೇಪ ಕೊಟ್ಟಿರುತ್ತಾರೆ. ಕಬ್ಬಿಣವು ಕರಗಬೇಕಾದರೆ 1,500 ಅಂಶಗಳಿಗೂ ಮೇಲಿನ ಕಾವು ಬೇಕು. ಸತುವಾದರೋ 907 ಅಂಶಗಳಿಗೇ ಕುದಿದು ಹೊಗೆಯಾಗುವದು. ಆ ಬಿಳಿ ಹೊಗೆಯನ್ನು ಉಸಿರಾಡಿದವನಿಗೆ ಕೆಲವು ತಾಸುಗಳ ತರುವಾಯ ಚಳಿ-ಜ್ವರ ಬರುವದು. ಬಹಳ ಮಾಡಿ ಒಂದೆರಡು ದಿನಗಳಲ್ಲಿ ತಾನೇ ಇಳಿಯುವದರಿಂದ ಯಾರೂ ಅದರ ಮೂಲವನ್ನು ಶೋಧಿಸುವದಿಲ್ಲ. ದೃಷ್ಟಿಯ ಮೇಲೆ ಹೊರಿಸಿ ಸುಮ್ಮನಾಗುತ್ತಾರೆ. ಮುಂದಿನ ವಾರ ಹುಡುಗನು ಅದೇ ತಂತಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾನೆ.

ನಮ್ಮ ಅಕ್ಕಸಾಲಿಗನು ಇಂಥ ತಪ್ಪನ್ನು ಎಂದೂ ಮಾಡಲಾರನು. ಸರದ ಕೊಂಡಿಯು ಕಳಚಿದರೆ ಬಂಗಾರದಲ್ಲಿ ಬೆಳ್ಳಿ-ತಾಮ್ರಗಳನ್ನು ಅಳತೆಯಿಂದ ಬೆರೆಸಿ ಬೆಸುಗೆಯನ್ನು ಸಿದ್ಧಮಾಡಿಕೊಂಡು, ಬಿಳಿಗಾರವನ್ನು ಹಚ್ಚಿ ಊದುಗೊಳವೆಯಿಂದ ಊದುವನು. ಅವನ ಬೆಸುಗೆಯು ಒಡವೆಗಿಂತ ಮೊದಲೇ ಕರಗಬೇಕು, ಒಡವೆಯು ಕರಗಲೇಬಾರದು. ಕಮ್ಮಾರನ ರೀತಿಯು ಇದಕ್ಕೆ ತೀರ ಬೇರೆ: ಎರಡು ತುಂಡುಗಳನ್ನು ಬೆಳ್ಳಗೆ ಕಾಸಿ, ಬಡಿದೇ ಒಂದು ಮಾಡುವನು, ನಡುವೆ ಮತ್ತೊಂದು ಲೋಹದ ಹಂಗಿಲ್ಲ. ಟಿಗ್ ಎಂಬದು ಈ ಎರಡಕ್ಕೂ ಒಳಪಡದ ಮೂರನೆಯ ಬಗೆ. ಟಂಗ್‌ಸ್ಟನ್ ಎಂಬ, ಸುಲಭವಾಗಿ ಕರಗದ ಲೋಹದ ಮೊನೆಯಿಂದ ವಿದ್ಯುತ್ತಿನ ಕಿಡಿಯು ಹಾರಿ ಎರಡೂ ಅಂಚುಗಳನ್ನು ಕರಗಿಸಿ ಒಂದು ಸಣ್ಣ ಮಡುವನ್ನು ಮಾಡುವದು. ಆ ಮಡುವಿನೊಳಕ್ಕೆ ಕೈಯಿಂದ ಕಡ್ಡಿಯ ತುದಿಯನ್ನು ಅದ್ದುತ್ತ ಹೋಗಬೇಕು. ಗಾಳಿಯು ತಗಲದಂತೆ ಆರ್ಗಾನ್ ಅನಿಲವು ಮೇಲೆ ಮುಸುಕು ಹಾಕಿರುವದು. ಅಮೇರಿಕೆಯ ನಾರ್ತ್‌ರಾಪ್ ವಿಮಾನದ ಕಾರಖಾನೆಯ ರಸೆಲ್ ಮೆರೆಡಿತ್ ಎಂಬವರು ಮೆಗ್ನೀಸಿಯಮ್ಮಿನ ತಗಡುಗಳನ್ನು ಕೂಡಿಸುವ ಸಲುವಾಗಿ ಹೀಲಿಯಂ ಅನಿಲದ ಮುಸುಕಿನಲ್ಲಿ ಇದನ್ನು ಸಾಧಿಸಿ, 1942ರಲ್ಲಿ ಪೇಟೆಂಟು ಪಡೆದರು. ವಿಮಾನಕ್ಕಾಗಿ ಹುಟ್ಟಿದ ವಿದ್ಯೆಯು ಇಂದು ದೇವಿಕೊಪ್ಪದ ದನದ ಕೊಟ್ಟಿಗೆಯ ಮಗ್ಗುಲಿಗೆ ಬಂದಿದೆ.

ಲಕ್ಷ್ಯದಲ್ಲಿಡಬೇಕಾದ ಮಾತಿದು. ಮಡುವಿನಲ್ಲಿ ತಗಡೂ ಕಡ್ಡಿಯೂ ಕೂಡಿ ಮೂರನೆಯ ಲೋಹವೊಂದು ಹುಟ್ಟುವದು. ಆದ್ದರಿಂದ ‘ಕಬ್ಬಿಣಕ್ಕೆ ಕಬ್ಬಿಣ’ ಎಂಬ ಲೆಕ್ಕ ಸಾಲದು. ಈ ಮಡುವು ಆರಿದ ಮೇಲೆ ಏನಾಗುವದು, ಅದನ್ನು ಯಾವ ಕೆಲಸಕ್ಕೆ ಹಚ್ಚುವರು, ಎಂದು ಮೊದಲೇ ಕೇಳಿಕೊಳ್ಳಬೇಕು. ಸ್ಟೇನ್‌ಲೆಸ್ಸಿನಲ್ಲಿ ಸಾದಾ ಕಬ್ಬಿಣವನ್ನು ಬೆರೆಸಿದರೆ ಅದರ ಕ್ರೋಮಿಯಂ ನಿಕ್ಕಲುಗಳು ತೆಳುವಾಗಿ, ತುಕ್ಕನ್ನು ತಡೆಯುವ ಶಕ್ತಿ ಹೋಗುವದು. ಮೇಲಾಗಿ ಆರುವಾಗ ಅದು ಗಾಜಿನಂತೆ ಪೆಡಸಾಗುವದು. ಹುಡುಗನ ಕ್ಯಾನಿನಲ್ಲಿ ಆದದ್ದು ಇದೇ. ಆ ದಿನ ನೋಡಿದವರಿಗೆ ಒಳ್ಳೆಯ ಬೆಸುಗೆಗೂ ಇದಕ್ಕೂ ಅಂತರವು ಕಾಣುವಂತಿರಲಿಲ್ಲ.

ಸಾದಾ ಕಬ್ಬಿಣದ ಮಾತನ್ನು ಬೇಗ ಮುಗಿಸೋಣ. ಕಿಟಕಿಯ ಸರಳು, ಗೇಟು, ಕುರ್ಚಿಯ ಕಾಲು ಇವಕ್ಕೆ ಇ.ಆರ್. 70 ಎಸ್-6 ಎಂಬ ಕಡ್ಡಿ ಸಾಕು. ಹೆಸರು ಮಂತ್ರದಂತೆ ಕಂಡರೂ ಅರ್ಥ ಸರಳ: 70 ಎಂದರೆ ಬೆಸುಗೆಯು ಚದರಂಗುಲಕ್ಕೆ 70 ಸಾವಿರ ಪೌಂಡುಗಳ ಎಳೆತವನ್ನು ತಾಳತಕ್ಕದ್ದು, ಎಸ್ ಎಂದರೆ ಒಳಗೆ ಪುಡಿ ತುಂಬದ ಗಟ್ಟಿ ಸರಿಗೆ, ಕೊನೆಯ ಅಂಕಿಯು ಅದರೊಳಗಿನ ಬೆರಕೆಯ ಗುರುತು. ಈ ಕಡ್ಡಿಯಲ್ಲಿ ಮ್ಯಾಂಗನೀಸೂ ಸಿಲಿಕಾನೂ ಹೆಚ್ಚಾಗಿದ್ದು, ಮಡುವಿನಲ್ಲಿಯ ಪ್ರಾಣವಾಯುವನ್ನು ಅವು ತಾವೇ ನುಂಗುವವು. ಮತ್ತೊಂದು ಎಸ್-2, ಅದರಲ್ಲಿ ಟೈಟೇನಿಯಂ ಮೊದಲಾದವು ಇರುವದರಿಂದ ಅಲ್ಪಸ್ವಲ್ಪ ಕೊಳೆಯನ್ನೂ ಸಹಿಸೀತು. ಸಾದಾ ವೆಲ್ಡಿಂಗಿನ ಎಲೆಕ್ಟ್ರೋಡಿನ ಮೇಲಿನ ಮದ್ದನ್ನು ಕುಟ್ಟಿ ಉದುರಿಸಿ ಒಳಗಿನ ತಂತಿಯನ್ನು ಬಳಸುವವರುಂಟು. ಪ್ರಾಣವಾಯುವನ್ನು ನುಂಗುವ ದ್ರವ್ಯಗಳು ಆ ಮದ್ದಿನಲ್ಲಿಯೇ ಇರುತ್ತವೆ. ಅವನ್ನು ಉದುರಿಸಿ ಬರಿಯ ತಂತಿಯನ್ನು ಕರಗಿಸಿದರೆ ಬೆಸುಗೆಯು ಪಡ್ಡಿನಂತೆ ತೂತುತೂತಾಗುವದು. ಕಾಸು ಉಳಿಸಬೇಕೆಂಬವರಿಗೆ ನ್ಯಾಯವಾದ ಹಾದಿಯೊಂದಿದೆ: ಮಿಗ್ ಯಂತ್ರದ ಸುರುಳಿಯ ಸರಿಗೆಯಲ್ಲಿಯೂ ಎಸ್-6 ಜಾತಿಯದೇ ದೊರೆಯುವದು, ಒಂದು ಮೊಳ ಕತ್ತರಿಸಿ ನೆಟ್ಟಗೆ ಮಾಡಿಕೊಂಡರೆ ತೆಳು ತಗಡಿಗೆ ಚೆನ್ನಾಗಿ ಒದಗುವದು.

ಸ್ಟೇನ್‌ಲೆಸ್ಸಿನ ವಿಷಯವು ಮನೆಯವರಿಗೆ ಹೆಚ್ಚು ಹತ್ತಿರದ್ದು, ಪಾತ್ರೆಗಳೆಲ್ಲ ಅದರವೇ. ಒಳ್ಳೆಯ ಪಾತ್ರೆಯ ಉಕ್ಕು 304 ಎಂಬ ಜಾತಿಯದು; ಅದರಲ್ಲಿ ನೂರಕ್ಕೆ ಸುಮಾರು 18 ಕ್ರೋಮಿಯಂ, 8 ನಿಕ್ಕಲು. ಅದಕ್ಕೆ ಹಾಕತಕ್ಕ ಕಡ್ಡಿ 304 ಅಲ್ಲ, 308 ಎಲ್. ಇದರಲ್ಲಿ ಕ್ರೋಮಿಯಂ ಸುಮಾರು 20, ನಿಕ್ಕಲು ಸುಮಾರು 10. ಒಂದು ಹಿಡಿ ಹೆಚ್ಚು ಏತಕ್ಕೆಂದರೆ, ಮಡುವು ಆರುತ್ತಿರುವಾಗ ಬಿಸಿಬಿರುಕು ಬಿಡದಂತೆ ಬೆರಕೆಯನ್ನು ಅಷ್ಟು ತೂಗಿ ಇಟ್ಟಿರುತ್ತಾರೆ. ಎಲ್ ಎಂಬ ಅಕ್ಷರವು ಅಂಗಾರವು ಕಡಿಮೆಯೆಂಬುದರ ಗುರುತು, ನೂರಕ್ಕೆ 0.03ಕ್ಕಿಂತ ಹೆಚ್ಚಿರುವದಿಲ್ಲ. ಅಂಗಾರವು ಹೆಚ್ಚಾದರೆ, ಕಾದ ಉಕ್ಕು ಸುಮಾರು 850ರಿಂದ 450 ಅಂಶಗಳ ನಡುವೆ ತಡೆದು ಆರುವಾಗ ಅದು ಕ್ರೋಮಿಯಮ್ಮನ್ನು ತನ್ನ ಕಡೆಗೆ ಎಳೆದುಕೊಳ್ಳುವದು. ಉಕ್ಕಿನ ಕಣಗಳ ಅಂಚು ಬಡವಾಗಿ ತುಕ್ಕು ಅಲ್ಲಿಂದಲೇ ಒಳನುಗ್ಗುವದು. ಹಾಲು, ಮಜ್ಜಿಗೆ, ಹುಣಿಸೆಯ ಸಾರು ತುಂಬುವ ಪಾತ್ರೆಗೆ ಆ ಎಲ್ ಎಂಬ ಒಂದು ಅಕ್ಷರಕ್ಕಾಗಿ ಅಂಗಡಿಯವನೊಡನೆ ವಾದಿಸಿದರೂ ತಪ್ಪಲ್ಲ. ಬೆಲೆಯುಳ್ಳ 316 ಜಾತಿಗೆ 316 ಎಲ್. ಸ್ಟೇನ್‌ಲೆಸ್ಸನ್ನು ಸಾದಾ ಕಬ್ಬಿಣಕ್ಕೆ ಕೂಡಿಸಬೇಕಾದರೆ 309 ಎಲ್. ಇದು ಇನ್ನೂ ಸಿರಿವಂತ ಕಡ್ಡಿ. ಕಬ್ಬಿಣವು ಬಂದು ಬೆರೆತರೂ ಮಡುವು ಬಡವಾಗುವದಿಲ್ಲ.

ಮನೆಯಲ್ಲಿರುವ ಪಾತ್ರೆಯು ಯಾವ ಜಾತಿಯದೆಂದು ತಿಳಿಯುವದು ಹೇಗೆ? ಅಯಸ್ಕಾಂತವನ್ನು ಹಿಡಿದು ನೋಡುವದು ರೂಢಿ. ಗಟ್ಟಿಯಾಗಿ ಅಂಟಿದರೆ ಅದು ನಿಕ್ಕಲಿಲ್ಲದ ಜಾತಿ. ಅಂಟದಿದ್ದರೆ 304 ಎಂದು ಮಾತ್ರ ಹೇಳಲಾಗದು. ನಿಕ್ಕಲಿನ ಬಹುಭಾಗಕ್ಕೆ ಬದಲಾಗಿ ಮ್ಯಾಂಗನೀಸನ್ನು ತುಂಬಿದ 200ರ ಸಾಲಿನ ಅಗ್ಗದ ಪಾತ್ರೆಗಳೂ ನಮ್ಮ ಪೇಟೆಯಲ್ಲಿ ಬೇಕಾದಷ್ಟಿವೆ, ಅವೂ ಅಂಟುವದಿಲ್ಲ. ಇತ್ತ 304ರ ಪಾತ್ರೆಯೇ ಬಡಿದು ಬಾಗಿಸಿದ ಮೂಲೆಗಳಲ್ಲಿ ತುಸು ಅಂಟುವದುಂಟು. ಅನುಮಾನವಿದ್ದಲ್ಲಿ 309 ಎಲ್ ಕಡ್ಡಿಯನ್ನು ಹಿಡಿಯುವದು ನನ್ನ ಪದ್ಧತಿ. ನಾಲ್ಕು ಕಾಸು ಹೆಚ್ಚು ಹೋದೀತು. ಆದರೂ ಎರಡು ಬೆಳಗಿನ ಹಾಲಿಗಿಂತ ಅದು ಅಗ್ಗ.

ಅಲ್ಯೂಮಿನಿಯಮ್ಮಿನ ಮಾತಿಗೆ ಬಂದರೆ, ಹಳೆಯ ಹಾಲಿನ ಕ್ಯಾನುಗಳನ್ನು ಹೊತ್ತುಕೊಂಡು ನೆರೆಯವರು ಹುಡುಗನ ಬಾಗಿಲಿಗೆ ಆಗಲೇ ಬಂದಿದ್ದರು. ಅವನ ಯಂತ್ರವು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನದು. ಅಲ್ಯೂಮಿನಿಯಮ್ಮಿಗೆ ಹಿಂದು ಮುಂದಾಗಿ ಹರಿಯುವ ಎ.ಸಿ. ಬೇಕು. ಲೋಹವು 660 ಅಂಶಗಳಿಗೆ ಕರಗಿದರೆ ಅದರ ಮೈಮೇಲಿನ ಪೊರೆಯು 2,000 ಅಂಶಗಳಿಗೂ ಮೇಲೆ ಕರಗುವದು, ಎ.ಸಿ.ಯು ಆ ಪೊರೆಯನ್ನು ಕಿತ್ತುಹಾಕುವದು. ಯಂತ್ರವಿಲ್ಲದೆ ಕಡ್ಡಿಯನ್ನು ಕೊಂಡು ಫಲವಿಲ್ಲ. ಯಂತ್ರವುಳ್ಳವರು ಎರಡು ಹೆಸರುಗಳನ್ನು ನೆನಪಿಡಬೇಕು. 4043ರಲ್ಲಿ ನೂರಕ್ಕೆ ಸುಮಾರು 5 ಸಿಲಿಕಾನ್. ನೀರಿನಂತೆ ಹರಿಯುವದು, ಬಿರುಕು ಕಡಿಮೆ, ಎರಕದ ಸಾಮಾನಿಗೂ ಸಲ್ಲುವದು. 5356ರಲ್ಲಿ ಸುಮಾರು 5 ಮೆಗ್ನೀಸಿಯಂ. ಬೆಸುಗೆಯು ಹೆಚ್ಚು ಗಟ್ಟಿ, ಆದರೆ ಸದಾ 65 ಅಂಶಗಳ ಮೇಲಿನ ಕಾವಿನಲ್ಲಿರುವ ವಸ್ತುವಿಗೆ ಅದು ಒಗ್ಗದು. ಒಲೆಯ ಮೇಲಿನ ಪಾತ್ರೆಗೆ ಗಟ್ಟಿಯೆಂದು ಇದನ್ನೇ ಹಾಕಬಾರದು. ಕಡ್ಡಿಯಿಲ್ಲವೆಂದು ತಗಡಿನ ಅಂಚನ್ನೇ ಪಟ್ಟಿಯಾಗಿ ಕತ್ತರಿಸಿ ಕರಗಿಸುವ ಉಪಾಯವು ಸ್ಟೇನ್‌ಲೆಸ್ಸಿನಲ್ಲಿ ಎಷ್ಟೋ ಸಲ ನಡೆದೀತು. ಸೈಕಲ್ಲಿನ ಚೌಕಟ್ಟು ಮೊದಲಾದವಕ್ಕೆ ಬಳಸುವ 6061ರಂಥ ಅಲ್ಯೂಮಿನಿಯಮ್ಮಿನಲ್ಲಿ ಮಾತ್ರ ಬೆಸುಗೆಯು ಕಣ್ಣೆದುರಿಗೇ ಬಿರಿಯುವದು.

ಕಡ್ಡಿಯ ದಪ್ಪವೂ ಆಯ್ಕೆಯ ಮಾತೇ. ಒಂದು ಮಿಲಿಮೀಟರಿನ ತಗಡಿಗೆ 1.6 ಮಿಲಿಮೀಟರಿನ ಕಡ್ಡಿಯು ಹೆಚ್ಚಿನ ಮಿತಿ, 2.4ರದನ್ನು ಅದ್ದಿದರೆ ಮಡುವು ತಣ್ಣಗಾಗುವದು, ಅದನ್ನು ಕರಗಿಸಹೋಗಿ ತಗಡೇ ತೂತು ಬೀಳುವದು. ಕಡ್ಡಿಯನ್ನು ಒರೆಸಿಯೇ ಹಿಡಿಯಬೇಕು. ಕೈಯ ಬೆವರು, ಎಣ್ಣೆ ಎಲ್ಲವೂ ಮಡುವಿಗೆ ಇಳಿಯುವವು. ಒರೆಸಲು ಅಸಿಟೋನ್ ಆದೀತು, ಅದೂ ಪೂರ್ಣ ಆರಿದ ಮೇಲೆ. ಮೋಟಾರಿನ ಬ್ರೇಕು ತೊಳೆಯುವ ಕ್ಲೋರಿನ್ ಬೆರೆತ ದ್ರವಗಳನ್ನು ಹತ್ತಿರಕ್ಕೂ ತರಬಾರದು. ಕಿಡಿಯ ಬೆಳಕಿನಲ್ಲಿ ಅವುಗಳಿಂದ ಹುಟ್ಟತಕ್ಕ ಫಾಸ್ಜಿನ್ ಎಂಬ ವಿಷವಾಯುವು ಸತುವಿನ ಹೊಗೆಯಂತೆ ಒಂದು ರಾತ್ರಿ ಕಾಡಿ ಬಿಟ್ಟುಹೋಗುವಂಥದಲ್ಲ, ಪ್ರಾಣವನ್ನೇ ಒಯ್ಯುವದು. ಇನ್ನೊಂದು: ಕಡ್ಡಿಯ ಒಂದು ತುದಿಯಲ್ಲಿ ಅದರ ಹೆಸರನ್ನು ಒತ್ತಿರುತ್ತಾರೆ. ಹೆಸರಿಲ್ಲದ ತುದಿಯಿಂದ ಕರಗಿಸುತ್ತ ಬಂದರೆ ಉಳಿದ ಗೇಣುದ್ದದ ತುಂಡಿಗೂ ಹೆಸರಿರುವದು. 308ರ ತುಂಡೂ 309ರ ತುಂಡೂ ಒಮ್ಮೆ ಕಲೆತುಹೋದರೆ ಬ್ರಹ್ಮನಿಗೂ ಬೇರ್ಪಡಿಸಲಾಗದು.

ಹುಬ್ಬಳ್ಳಿಯಿಂದ 308 ಎಲ್ ಕಡ್ಡಿಯನ್ನು ತರಿಸಿ ಕ್ಯಾನನ್ನು ಮತ್ತೆ ಹಿಡಿದೆವು. ಹಳೆಯ ಬೆಸುಗೆಯ ಮೇಲೆಯೇ ಹೊಸದನ್ನು ಎಳೆಯುವದೆಂದು ಹುಡುಗನ ಎಣಿಕೆ. ಅದು ಕೂಡದು; ಹಾಗೆ ಮಾಡಿದರೆ ಬೇಲಿಯ ತಂತಿಯು ಮಡುವಿಗೆ ಮರಳಿ ಬರುವದು. ಹಳೆಯದನ್ನೆಲ್ಲ ಉಜ್ಜಿ ತೆಗೆದು, ಹೊಳೆಯುವ ಲೋಹ ಕಾಣುವವರೆಗೆ ಸ್ವಚ್ಛಮಾಡಿ, ಒಳಗಡೆಯೂ ಆರ್ಗಾನನ್ನು ತುಂಬಿ ಬೆಸೆದೆವು. ಒಳಗೆ ಅನಿಲವಿಲ್ಲದಿದ್ದರೆ ಬೆಸುಗೆಯ ಹಿಂಬದಿಯು ಕರಕಲು ಸಕ್ಕರೆಯಂತೆ ಒರಟಾಗಿ, ಎಂಥ ಒಳ್ಳೆಯ ಕಡ್ಡಿ ಹಾಕಿದ್ದರೂ ಹಾಲು ಅಲ್ಲಿಯೇ ಕಚ್ಚುವದು. ಅನಿಲದ ಖರ್ಚನ್ನು ನೋಡಿ ತಂದೆಯು ಗೊಣಗಿದನು. ನುಣ್ಣಗೆ ತಿಕ್ಕಿದ ಮೇಲೆ ಕ್ಯಾನು ಕೆಲಸಕ್ಕೆ ಮರಳಿ ಈಗ ಆರು ತಿಂಗಳಾಗುತ್ತ ಬಂದವು. ಕೆಂಪು ಗೆರೆ ಮೂಡಿಲ್ಲ.

ಕಬ್ಬಿನ ಸುಗ್ಗಿಯಲ್ಲಿ ಒಂದು ಸಂಜೆ ನಾನು ಅಲ್ಲಿಯೇ ಕುಳಿತಿದ್ದಾಗ ಟ್ರ್ಯಾಕ್ಟರಿನವನೊಬ್ಬನು ಟ್ರೇಲರಿನ ಬಿರಿದ ಕೊಂಡಿಯನ್ನು ತಂದನು. ತುಂಬಿದ ಗಾಡಿಯು ರಸ್ತೆಯ ಬದಿಗೆ ನಿಂತಿದೆ, ಈಗಲೇ ಕೂಡಿಸಿಕೊಡು, ಕೇಳಿದಷ್ಟು ಕೊಡುವೆನೆಂದನು. ಹುಡುಗನು ಕೊಂಡಿಯನ್ನು ತಿರುವಿ ತಿರುವಿ ನೋಡಿ, ಇದು ಯಾವ ಉಕ್ಕೆಂದು ನನ್ನ ಮುಖ ನೋಡಿದನು. ನನಗೂ ತಿಳಿಯಲಿಲ್ಲ. ಕೊಂಡಿ, ಪಟ್ಟೆಯ ಸ್ಪ್ರಿಂಗು ಇವು ಅಂಗಾರ ಹೆಚ್ಚಿರುವ ಪೆಡಸು ಉಕ್ಕಾಗಿರುವದುಂಟು. ಅಂಥವನ್ನು ಮೊದಲು ಕಾಸಿ, ಬೆಸೆದು, ಮೆಲ್ಲನೆ ಆರಿಸಬೇಕು. ಇಲ್ಲವಾದರೆ ಬೆಸುಗೆಯು ಗಟ್ಟಿಯಾಗಿ ನಿಂತು ಅದರ ಮಗ್ಗುಲಿನ ಉಕ್ಕೇ ಪಟ್ಟನೆ ಮುರಿಯುವದು. ಟನ್ನುಗಟ್ಟಲೆ ಕಬ್ಬು ಇಳಿಜಾರಿನಲ್ಲಿ ಬಿಟ್ಟುಕೊಂಡರೆ ಹಿಂದೆ ಬೈಸಿಕಲ್ಲಿನ ಮೇಲೆ ಬರುವ ಶಾಲೆಯ ಹುಡುಗರ ಗತಿಯೇನು?

“ಒಲ್ಲೆನಣ್ಣಾ, ಹೊಸದನ್ನೇ ಹಾಕಿಸು” ಎಂದು ಅವನು ಕೊಂಡಿಯನ್ನು ತಿರುಗಿ ಕೈಗೆ ಕೊಟ್ಟನು. ಟ್ರ್ಯಾಕ್ಟರಿನವನು ಒಂದೆರಡು ಕೆಟ್ಟ ಮಾತನಾಡಿ ಕಲಘಟಗಿಯ ದಾರಿ ಹಿಡಿದನು. ತಾಯಿಯು ಒಳಗಿನಿಂದ, ಬಂದ ಲಕ್ಷ್ಮಿಯನ್ನು ಹೀಗೆ ಅಟ್ಟುವದೇ ಎಂದಳು. ಹುಡುಗನು ಉತ್ತರ ಕೊಡದೆ, ಉಳಿದ 308ರ ತುಂಡುಗಳನ್ನು ಒರೆಸಿ, ಹೆಸರುಳ್ಳ ತುದಿ ಮೇಲೆ ಬರುವಂತೆ ಬಿದಿರಿನ ಗಳದಲ್ಲಿ ಇಳಿಸಿಟ್ಟನು.