ಜೇಬಿನಲ್ಲಿರುವ ಗುಳಿಗೆ ಎಲ್ಲರದೂ ಅಲ್ಲ

ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಪ್ರೀತಿಯಿಂದ ಕಳುಹಿಸುವ ಸಂದೇಶಗಳಲ್ಲಿ ಒಂದನ್ನು ಕುರಿತು ಈ ಬಾರಿ ಸ್ವಲ್ಪ ಕಟುವಾಗಿಯೇ ಬರೆಯಬೇಕಾಗಿದೆ. ಪ್ರತಿ ಮನೆಯಲ್ಲಿಯೂ ಸಾರ್ಬಿಟ್ರೇಟ್ ಗುಳಿಗೆ ಇರಲಿ, ಯಾರಿಗೇ ಎದೆನೋವು ಬಂದರೂ ತಕ್ಷಣ ನಾಲಿಗೆಯ ಕೆಳಗೆ ಇಡಿ, ಜೀವ ಉಳಿಯುತ್ತದೆ ಎಂಬ ಅರ್ಥದ ಸಂದೇಶವದು. ಕಡೆಯಲ್ಲಿ ಕೈಮುಗಿದ ಚಿತ್ರ, ‘ಹತ್ತು ಜನರಿಗೆ ಕಳುಹಿಸಿ ಪುಣ್ಯ ಕಟ್ಟಿಕೊಳ್ಳಿ’ ಎಂಬ ಕೋರಿಕೆ. ಪುಣ್ಯದ ಲೆಕ್ಕ ನನಗೆ ತಿಳಿಯದು. ಆದರೆ ಇದರಲ್ಲಿರುವ ವೈದ್ಯಕೀಯ ತಪ್ಪು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನ್ನಂಥವನಿಗೂ ಕಾಣುವಷ್ಟು ದೊಡ್ಡದು.

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಟಿ.ವಿ.ಯಲ್ಲಿ ಎಣಿಕೆಗೆ ಬಂದಾಗ ಈ ಸಂದೇಶಕ್ಕೆ ಹೊಸ ರೆಕ್ಕೆ ಮೂಡಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ಸಾವುಗಳಲ್ಲಿ ಅಸಹಜವಾದ ಏರಿಕೆಯೇನೂ ಇಲ್ಲವೆಂದು ಮುಂದಿನ ತಿಂಗಳೇ ವರದಿ ಕೊಟ್ಟಿತು. ಅದನ್ನು ಮಾತ್ರ ಯಾರೂ ಹತ್ತು ಜನರಿಗೆ ಕಳುಹಿಸಲಿಲ್ಲ. ಅದಕ್ಕೂ ಮೊದಲು, 2024ರಲ್ಲಿ, ಕಾನ್ಪುರದ ಹೃದ್ರೋಗ ಸಂಸ್ಥೆಯ ವೈದ್ಯರು ಆಸ್ಪಿರಿನ್, ರೋಸುವಾಸ್ಟಾಟಿನ್, ಸಾರ್ಬಿಟ್ರೇಟ್ ಮೂರನ್ನೂ ಕೂಡಿಸಿ ಏಳು ರೂಪಾಯಿಯ ಪೊಟ್ಟಣವೊಂದನ್ನು ಹೊರತಂದಿದ್ದರು. ಗುಳಿಗೆ ನುಂಗಿದ ಕೂಡಲೇ ಆಸ್ಪತ್ರೆಗೆ ಹೋಗಲೇಬೇಕೆಂದು ಅವರು ಹೇಳಿದ ಮಾತು ನಮ್ಮೂರಿಗೆ ಬರುವಷ್ಟರಲ್ಲಿ ಉದುರಿಹೋಗಿತ್ತು. ಉಳಿದದ್ದು ಪೊಟ್ಟಣ ಮಾತ್ರ.

ಈಗ ವಿಷಯಕ್ಕೆ ಬರೋಣ. ಹೃದಯದ ರಕ್ತನಾಳ ಕಿರಿದಾಗಿ, ಮೆಟ್ಟಿಲು ಏರಿದಾಗ ಎದೆ ಹಿಡಿದಂತಾಗಿ, ನಿಂತರೆ ಇಳಿಯುವ ನೋವು ಬೇರೆ. ಅದಕ್ಕೆ ಆಂಜೈನಾ ಎನ್ನುತ್ತಾರೆ. ಅದೇ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತುಹೋಗುವ ಹೃದಯಾಘಾತ ಬೇರೆ. ನಾಲಿಗೆಯ ಕೆಳಗಿನ ಗುಳಿಗೆ ಹುಟ್ಟಿದ್ದು ಮೊದಲನೆಯದಕ್ಕಾಗಿ. ಇಟಲಿಯ ಸೊಬ್ರೆರೊ 1847ರಲ್ಲಿ ತಯಾರಿಸಿದ ನೈಟ್ರೋಗ್ಲಿಸರಿನ್ ಎಂಬ ಸ್ಫೋಟಕ ದ್ರವವನ್ನು ಲಂಡನ್ನಿನ ವಿಲಿಯಂ ಮರೆಲ್ ಎಂಬ ವೈದ್ಯ ಈ ನೋವಿಗೆ ಔಷಧವಾಗಿ ಬಳಸಿ 1879ರಲ್ಲಿ ವರದಿ ಮಾಡಿದ. ಅದರಿಂದಲೇ ಡೈನಮೈಟ್ ಮಾಡಿ ಶ್ರೀಮಂತನಾದ ಆಲ್ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ವೈದ್ಯರು ಬರೆದುಕೊಟ್ಟದ್ದೂ ಅದೇ ಮದ್ದು! ನಮ್ಮಲ್ಲಿ ಹೆಚ್ಚಾಗಿ ಸಿಗುವ ಸಾರ್ಬಿಟ್ರೇಟ್, ಅಂದರೆ ಐಸೋಸಾರ್ಬೈಡ್ ಡೈನೈಟ್ರೇಟ್, ಅದೇ ಕುಲದ್ದು.

ಅದು ಮಾಡುವ ಕೆಲಸವೇನು? ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟ ಚಕ್ಕಡಿಯ ಎತ್ತುಗಳು ಏರಿನಲ್ಲಿ ಬಸವಳಿದಾಗ ನಾಲ್ಕು ಚೀಲ ಕೆಳಗಿಳಿಸುತ್ತೇವಲ್ಲ, ಹಾಗೆ. ಗುಳಿಗೆಯಿಂದ ರಕ್ತನಾಳಗಳು ಹಿಗ್ಗುತ್ತವೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಹೃದಯದ ಹೊರೆ ಇಳಿಯುತ್ತದೆ, ನೋವು ತಗ್ಗುತ್ತದೆ. ಆದರೆ ದಾರಿಯ ಸೇತುವೆಯೇ ಕುಸಿದಿದ್ದರೆ ಚೀಲ ಇಳಿಸಿ ಫಲವೇನು? ಹೆಪ್ಪುಗಟ್ಟಿದ ರಕ್ತವನ್ನು ಈ ಗುಳಿಗೆ ಕರಗಿಸುವುದಿಲ್ಲ.

ಇದು ನನ್ನ ಊಹೆಯಲ್ಲ. ಆಕ್ಸ್‌ಫರ್ಡಿನವರು ನಡೆಸಿದ ‘ಐಸಿಸ್’ ಎಂಬ ಅಧ್ಯಯನಗಳಿವೆ (ಹೆಸರು ಕೇಳಿ ಗಾಬರಿಯಾಗಬೇಡಿ, ಆ ಊರಿನ ಹೊಳೆಗೂ ಅದೇ ಹೆಸರು). 1988ರಲ್ಲಿ ಪ್ರಕಟವಾದ ಎರಡನೆಯದರಲ್ಲಿ 17,187 ರೋಗಿಗಳಿದ್ದರು. ಹೃದಯಾಘಾತದ ಶಂಕೆಯಿದ್ದವರಿಗೆ ಬರೀ ಆಸ್ಪಿರಿನ್ ಕೊಟ್ಟಾಗ ಐದು ವಾರಗಳೊಳಗಿನ ಸಾವು ಸುಮಾರು ಶೇಕಡಾ 23ರಷ್ಟು ತಗ್ಗಿತು. 1995ರಲ್ಲಿ ಪ್ರಕಟವಾದ ನಾಲ್ಕನೆಯದರಲ್ಲಿ 58 ಸಾವಿರ ರೋಗಿಗಳು. ಅಲ್ಲಿ ಸಾರ್ಬಿಟ್ರೇಟಿನ ಸೋದರನಂಥ ಐಸೋಸಾರ್ಬೈಡ್ ಮಾನೋನೈಟ್ರೇಟ್ ಕೊಟ್ಟು ನೋಡಿದರೆ ಸಾವು ಗಮನಾರ್ಹವಾಗಿ ತಗ್ಗಲಿಲ್ಲ. ನಮ್ಮ ಜನ ತಲೆನೋವಿಗೆ ಕಿಮ್ಮತ್ತಿಲ್ಲದೆ ನುಂಗುವ ಆಸ್ಪಿರಿನ್ ಜೀವ ಉಳಿಸುತ್ತದೆ. ಜೀವರಕ್ಷಕವೆಂದು ಜೇಬಿನಲ್ಲಿ ಪೂಜಿಸುವ ಗುಳಿಗೆ ನೋವನ್ನಷ್ಟೇ ಇಳಿಸುತ್ತದೆ.

‘ಇರಲಿ ಸರ್, ಉಪಯೋಗವಿಲ್ಲದಿದ್ದರೂ ಅಪಾಯವೇನು?’ ಎಂದು ಕೇಳುವವರಿದ್ದಾರೆ. ಅಪಾಯವಿದೆ. ರಾಣೇಬೆನ್ನೂರಿನ ಒಂದು ಮದುವೆಯಲ್ಲಿ ನಾನೇ ಕಂಡದ್ದು. ಬೀಗರ ಕಡೆಯ ಹಿರಿಯರೊಬ್ಬರು ಊಟಕ್ಕೆ ಮೊದಲು ಎದೆ ಒತ್ತಿಕೊಂಡು ಕಂಬಕ್ಕೆ ಒರಗಿ ನಿಂತರು. ಪಕ್ಕದಲ್ಲಿದ್ದವರು ತಮ್ಮ ಜೇಬಿನಿಂದ ಗುಳಿಗೆ ತೆಗೆದು, ‘ಏನೂ ಆಗಂಗಿಲ್ರೀ ಕಾಕಾ, ಇದನ್ನ ನಾಲಿಗಿ ಕೆಳಗ ಇಟ್ಕೊಳ್ರಿ, ಗಾಳಿಗೆ ಹೊರಗ ಹೋಗೂಣು’ ಎಂದು ಕೈಹಿಡಿದು ನಡೆಸಿಕೊಂಡು ಹೋದರು. ಅವರು ಬೆಳಿಗ್ಗೆಯಷ್ಟೇ ಬಿ.ಪಿ. ಗುಳಿಗೆ ನುಂಗಿದ್ದಾರೆಂಬುದು ಕೊಟ್ಟವರಿಗೆ ತಿಳಿಯದು. ಮೆಟ್ಟಿಲ ಬಳಿ ಹೋಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಬಿದ್ದರು. ಹಣೆಗೆ ಆರು ಹೊಲಿಗೆ. ಎದೆಯ ಪರೀಕ್ಷೆಗಿಂತ ಮೊದಲು ತಲೆಯ ಪರೀಕ್ಷೆ ಮಾಡಬೇಕಾಯಿತು. ಕೊಟ್ಟವರ ಮನಸ್ಸು ಒಳ್ಳೆಯದೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ.

ರಕ್ತದೊತ್ತಡ ಮೊದಲೇ ಇಳಿದಿದ್ದವರಿಗೆ, ಹೃದಯದ ಬಲಭಾಗಕ್ಕೆ ಪೆಟ್ಟಾದ ಆಘಾತದಲ್ಲಿ, ಮಹಾಪಧಮನಿಯ ಕವಾಟ ತೀರ ಕಿರಿದಾದವರಿಗೆ ಈ ಗುಳಿಗೆ ಹಾನಿ ಮಾಡಬಲ್ಲುದು. ಇವನ್ನು ಮದುವೆ ಮಂಟಪದಲ್ಲಿ ಕಣ್ಣಿನಿಂದ ನೋಡಿ ತಿಳಿಯಲಾದೀತೇ? ಇನ್ನೊಂದು ಮಾತು, ಮೇಷ್ಟ್ರು ಬರೆಯಬಾರದಿತ್ತು ಎಂದು ಕೆಲವರು ಮುಖ ತಿರುಗಿಸಬಹುದು. ಪುರುಷತ್ವಕ್ಕೆಂದು ತೆಗೆದುಕೊಳ್ಳುವ ಸಿಲ್ಡೆನಾಫಿಲ್ ಗುಳಿಗೆಯ ನಂತರ 24 ಗಂಟೆ, ಟಡಾಲಾಫಿಲ್‌ನ ನಂತರ 48 ಗಂಟೆಯೊಳಗೆ ನೈಟ್ರೇಟ್ ಕೊಟ್ಟರೆ ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣವೇ ಹೋಗಬಹುದು. ಹೆಂಡತಿ ಮಕ್ಕಳ ಎದುರು ಇದನ್ನು ಯಾರೂ ಬಾಯಿಬಿಡುವುದಿಲ್ಲ. ವೈದ್ಯರ ಕಿವಿಯಲ್ಲಾದರೂ ಹೇಳಬೇಕು. ನಾಚಿಕೆಗೆ ಕೊಡುವ ಬೆಲೆ ಅಷ್ಟಿರಬಾರದು.

ಇಷ್ಟೆಲ್ಲ ಬೈದದ್ದರಿಂದ, ವೈದ್ಯರು ಬರೆದುಕೊಟ್ಟವರೂ ಗುಳಿಗೆಯನ್ನು ಎಸೆಯಬೇಕೆಂದು ಯಾರೂ ತಿಳಿಯಬಾರದು. ಅವರಿಗೆ ಅದು ನಿಜವಾದ ಆಸರೆ. ನನ್ನ ಆಕ್ಷೇಪವಿರುವುದು ಅದನ್ನು ಬಳಸುವ ರೀತಿಯನ್ನು ಯಾರೂ ಬಿಡಿಸಿ ಹೇಳದಿರುವುದಕ್ಕೆ. ನನ್ನ ನೆಂಟರೊಬ್ಬರಿಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆದುಕೊಟ್ಟು, ‘ನೋವು ಬಂದರೆ ಇಟ್ಟುಕೊಳ್ಳಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದರು. ಅವರು ಎರಡು ವರ್ಷ ಅದನ್ನು ನೀರಿನ ಜೊತೆ ನುಂಗುತ್ತಿದ್ದರು! ಜೀರ್ಣಾಂಗದಿಂದ ಹೀರಲ್ಪಟ್ಟದ್ದೆಲ್ಲ ಮೊದಲು ಯಕೃತ್ತಿಗೆ ಹೋಗುತ್ತದೆಂದು ತರಗತಿಯಲ್ಲಿ ಹೇಳಿದ್ದು ನೆನಪಿದೆಯಲ್ಲ? ನುಂಗಿದರೆ ಹೆಚ್ಚಿನ ಪಾಲು ಯಕೃತ್ತಿನಲ್ಲಿಯೇ ನಾಶವಾಗುತ್ತದೆ, ಉಳಿದದ್ದೂ ತಡವಾಗಿ ಕೆಲಸ ಮಾಡುತ್ತದೆ. ನಾಲಿಗೆಯ ಕೆಳಗೆ ಇಟ್ಟರೆ ನೇರ ರಕ್ತಕ್ಕೆ, ಕೆಲವೇ ನಿಮಿಷಗಳಲ್ಲಿ.

ಮೊದಲು ಕುಳಿತುಕೊಳ್ಳಬೇಕು. ನಿಂತು ಇಟ್ಟುಕೊಳ್ಳಬಾರದು, ಇಟ್ಟುಕೊಂಡ ಮೇಲೆ ನಡೆದಾಡಬಾರದು. ಗುಳಿಗೆ ಕರಗುವವರೆಗೆ ನೀರು ಕುಡಿಯಬಾರದು. ತಲೆ ಸಿಡಿದಂತಾದರೆ ಹೆದರಬೇಕಿಲ್ಲ, ನಾಳಗಳು ಹಿಗ್ಗಿದ್ದರ ಫಲ ಅದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ, ಅಥವಾ ಹೆಚ್ಚಿದರೆ, 108ಕ್ಕೆ ಕರೆ ಮಾಡಬೇಕು. ಹಿಂದೆ ಐದೈದು ನಿಮಿಷಕ್ಕೆ ಒಂದರಂತೆ ಮೂರು ಗುಳಿಗೆ ಮುಗಿಸಿ ಆಮೇಲೆ ಆಸ್ಪತ್ರೆ ಎನ್ನುತ್ತಿದ್ದರು. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2004ರಲ್ಲಿಯೇ ಅದನ್ನು ಬದಲಿಸಿ, ಮೊದಲ ಗುಳಿಗೆಗೆ ಜಗ್ಗದಿದ್ದರೆ ಕರೆ ಮಾಡಿ ಎಂದವು. ವೈದ್ಯರು ಮುಂದಿನ ಗುಳಿಗೆಗೆ ಅಪ್ಪಣೆ ಕೊಟ್ಟಿದ್ದರೆ ಅದನ್ನು ಆಂಬುಲೆನ್ಸ್ ಬರುವ ತನಕದ ವೇಳೆಯಲ್ಲಿ ಇಟ್ಟುಕೊಳ್ಳಬಹುದು. ಹೊಸದಾಗಿ ಬಂದ ನೋವು, ಸುಮ್ಮನೆ ಕುಳಿತಾಗಲೇ ಬಂದ ನೋವು, ಬೆವರು ಕಿತ್ತು ಎಡಗೈಗೋ ದವಡೆಗೋ ಹರಿದ ನೋವು ಇವುಗಳಿಗೆ ಐದು ನಿಮಿಷವೂ ಕಾಯಬೇಕಿಲ್ಲ. ಆಸ್ಪಿರಿನ್ ಒಗ್ಗದವರು ಮತ್ತು ರಕ್ತಸ್ರಾವದ ತೊಂದರೆಯವರನ್ನು ಬಿಟ್ಟು ಉಳಿದವರು 108ರವರು ಹೇಳಿದರೆ ಅದನ್ನು ಜಗಿದು ನುಂಗಬಹುದು.

ನೋವು ಇಳಿಯಿತು ಎಂದ ಮಾತ್ರಕ್ಕೆ ಅದು ಹೃದಯದ್ದೇ ಎಂದೂ ಸಿದ್ಧವಾಗುವುದಿಲ್ಲ, ಅನ್ನನಾಳ ಹಿಡಿದುಕೊಂಡ ನೋವಿಗೂ ಈ ಗುಳಿಗೆ ಜಗ್ಗುತ್ತದೆ. ಹಾಗೆಯೇ ಗೋಲಿಸೋಡಾ ಕುಡಿದು ತೇಗು ಬಂತೆಂದರೆ ಅದು ಗ್ಯಾಸೇ ಎಂದೂ ಅಲ್ಲ. ನಮ್ಮ ಭಾಗದಲ್ಲಿ ಈ ‘ಗ್ಯಾಸು’ ನುಂಗಿದ ತಾಸುಗಳ ಲೆಕ್ಕ ಇಟ್ಟವರಿಲ್ಲ. ನಿರ್ಣಯ ಮಾಡಬೇಕಾದದ್ದು ಇ.ಸಿ.ಜಿ.

ಕುಮಾರಪಟ್ಟಣದವರಿಗೆ ಒಂದು ಮಾತು. ನಾವಿರುವುದು ಹಾವೇರಿ ಜಿಲ್ಲೆಯ ಅಂಚಿನಲ್ಲಿ. ತಾಲ್ಲೂಕು ಆಸ್ಪತ್ರೆ ರಾಣೇಬೆನ್ನೂರಿನಲ್ಲಿ, ಆದರೆ ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರ, ಅದರಾಚೆ ದಾವಣಗೆರೆ. ಎದೆನೋವಿಗೆ ಜಿಲ್ಲೆಯ ಗಡಿ ಇಲ್ಲ. ಎಲ್ಲಿ ರಾತ್ರಿಯೂ ಇ.ಸಿ.ಜಿ. ತೆಗೆಯುತ್ತಾರೆ, ಎಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ಹೋಗಿ ವಿಚಾರಿಸಿಕೊಂಡು ಬನ್ನಿ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಹೋದ ಬಳಿಕ ಸರ್ಕಾರ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದು, ತಾಲ್ಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಎಂಬ ಆ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ಹಂತಹಂತವಾಗಿ ಮಾಡಿದೆ. ಸೇತುವೆ ಕಟ್ಟುವ ಮದ್ದು ಅದು. ನಮ್ಮ ಸಂದೇಶಗಳಲ್ಲಿ ಅದರ ಹೆಸರನ್ನು ನಾನು ಒಮ್ಮೆಯೂ ಕಂಡಿಲ್ಲ.

ಔಷಧದ ಅಂಗಡಿಯವರಲ್ಲೂ ಒಂದು ಬಿನ್ನಹವಿದೆ. ಚೀಟಿ ಇಲ್ಲದವರಿಗೆ ಇದನ್ನು ಕೊಡಬೇಡಿ. ಚೀಟಿ ಇದ್ದವರಿಗೆ ಕತ್ತರಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಕೊಡುವಾಗ, ಅವಧಿ ಮುಗಿಯುವ ತಿಂಗಳು ಅಚ್ಚಾದ ತುದಿ ನಿಮ್ಮ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅಂಗಿಯ ಜೇಬಿನ ಬೆವರಿನಲ್ಲಿ ಬೆಂದ, ಹುಟ್ಟಿದ ದಿನವೂ ಸಾಯುವ ದಿನವೂ ತಿಳಿಯದ ಆ ತುಂಡನ್ನು ನಮ್ಮವರು ವರ್ಷಗಟ್ಟಲೆ ನಂಬಿಕೊಂಡಿರುತ್ತಾರೆ. ಕತ್ತರಿಸಲೇಬೇಕಾದರೆ ಪುಟ್ಟ ಚೀಟಿಯಲ್ಲಿ ಆ ತಿಂಗಳನ್ನು ಬರೆದು ಜೊತೆಗಿಡಿ. ಈ ಲೇಖನ ಓದಿದವರು ತಂದೆಯ, ಮಾವನ ಜೇಬಿನ ತುಂಡನ್ನು ಇವತ್ತೇ ತೆಗೆದು ನೋಡಿ. ದಿನಾಂಕ ಕಾಣದಿದ್ದರೆ ವೈದ್ಯರ ಚೀಟಿಯೊಂದಿಗೆ ಹೊಸದನ್ನು ತನ್ನಿ, ತರುವಾಗ ಪೂರ್ತಿ ಪಟ್ಟಿಯನ್ನೇ ಕೇಳಿ.